ಬೇರು ಕೀಳದೆ ಬೇರುರೋಮ ನೋಡಲು ಒಂದು ಗಾಜಿನ ಪೆಟ್ಟಿಗೆ

ಗಿಡವನ್ನು ಕಿತ್ತು ಬೇರು ನೋಡಿದರೆ ಬೇರುರೋಮ, ಅಂದರೆ ನೀರು, ಲವಣ ಹೀರುವ ಬೇರಿನ ನವಿರು ಕೂದಲು, ಸಿಗುವುದಿಲ್ಲ. ಕೀಳುವಾಗಲೇ ಅವು ಹರಿದು ಮಣ್ಣಿನಲ್ಲಿ ಉಳಿಯುತ್ತವೆ. ಮಣ್ಣು ಹೋಗಲಿ ಅಂತ ನೀರಲ್ಲಿ ತೊಳೆದರೆ ಅಲ್ಲಿ ಇಲ್ಲಿ ಅಂಟಿಕೊಂಡಿದ್ದವೂ ಹೋದವು. ಶಾಲೆಯಲ್ಲಿ ನಾವೆಲ್ಲ ಚಿತ್ರ ಬರೆದಿದ್ದೇವೆ. ಚೌಕವಾದ ಒಂದು ಕೋಶ, ಅದರ ಬದಿಯಿಂದ ಹೊರಗೆ ಚಾಚಿದ ಕೊಳವೆ, ಒಳಗೊಂದು ಚುಕ್ಕಿಯಾಗಿ ಕೋಶಕೇಂದ್ರ. ಆದರೆ ಜೀವಂತ ಬೇರುರೋಮವನ್ನು, ಅದು ಕೆಲಸ ಮಾಡುವ ಜಾಗದಲ್ಲೇ ನೋಡಿದವರು ಕಡಿಮೆ. ಹೈಸ್ಕೂಲಿನಲ್ಲಿರುವ ಮಗಳಿಗೆ ಅದನ್ನು ತೋರಿಸಲೇಬೇಕು ಅಂತ ಈ ಕೆಲಸಕ್ಕೆ ಇಳಿದೆ. ಆಮೇಲೆ ಅವಳಿಗಿಂತ ಜಾಸ್ತಿ ಹೊತ್ತು ನಾನೇ ಗಾಜಿನ ಮುಂದೆ ಕೂತಿದ್ದೆ.

ನಿಯಮ ಒಂದೇ: ಬೇರನ್ನು ಮುಟ್ಟಬಾರದು. ಗಾಜು ಯಾವ ಕಡೆ, ಮಣ್ಣು ಎಷ್ಟು ಸಣ್ಣ, ನೀರು ಎಲ್ಲಿಂದ ಅನ್ನುವುದೆಲ್ಲ ಆ ನಿಯಮದಿಂದಲೇ ತೀರ್ಮಾನವಾಯಿತು.

ಶುರು ಮಾಡಲು ಒಂದು ಸ್ವೀಟ್ ಡಬ್ಬಿ

ಪೆಟ್ಟಿಗೆ ಮಾಡುವ ಮೊದಲು ಇದನ್ನು ಮಾಡಿ, ಖರ್ಚಿಲ್ಲ. ಮುಚ್ಚಳ ಇರುವ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಳ್ಳಿ. ತಳಕ್ಕೆ ಒದ್ದೆ ಮಾಡಿ ಹಿಂಡಿದ ಕಪ್ಪು ಹತ್ತಿ ಬಟ್ಟೆ ಹಾಸಿ, ಅದರ ಮೇಲೆ ಮೂಲಂಗಿ ಬೀಜ ಬಿಡಿಬಿಡಿಯಾಗಿ ಇಡಿ. ಮುಚ್ಚಳ ಹಾಕಿ ಕತ್ತಲಲ್ಲಿಡಿ. ಬಟ್ಟೆ ತೇವವಾಗಿರಬೇಕು, ನೀರು ನಿಲ್ಲಬಾರದು. ಎರಡು ಮೂರು ದಿನಕ್ಕೆ ಮೊಳಕೆಯ ಬೇರಿನ ಸುತ್ತ ಬಿಳಿ ನವಿರು ಬರುತ್ತದೆ. ಬರಿಗಣ್ಣಿಗೇ ಕಾಣುತ್ತದೆ.

ಇದನ್ನು ನೋಡಿ ಎಷ್ಟೋ ಜನ "ಅಯ್ಯೋ, ಬೂಸ್ಟು ಹಿಡಿಯಿತು" ಅಂತ ಬಿಸಾಡುತ್ತಾರೆ. ಬೂಸ್ಟು ಆಗಿದ್ದರೆ ಬೀಜದ ಸಿಪ್ಪೆ, ಬಟ್ಟೆ, ಬೇರು ಎಲ್ಲದರ ಮೇಲೂ ಸಿಕ್ಕುಸಿಕ್ಕಾಗಿ ಹರಡಿರುತ್ತದೆ. ಬೇರುರೋಮ ಹಾಗಲ್ಲ. ಬೇರಿಗೆ ನೇರವಾಗಿ ನಾಲ್ಕೂ ಕಡೆ ನಿಂತಿರುತ್ತದೆ, ಬೇರಿನ ಒಂದು ಪಟ್ಟಿಯಲ್ಲಿ ಮಾತ್ರ ಇರುತ್ತದೆ, ತುದಿಯಲ್ಲಿ ಸ್ವಲ್ಪ ಜಾಗ ಬೋಳಾಗಿರುತ್ತದೆ. ಆ ಬೋಳು ಜಾಗ ಕಂಡರೆ ಅನುಮಾನವೇ ಬೇಡ.

ಒಂದೊಂದು ರೋಮವೂ ಒಂದೇ ಒಂದು ಜೀವಕೋಶದ ಭಾಗ. ಬೇರಿನ ಹೊರಪದರದ ಕೋಶವೊಂದು ತನ್ನ ಹೊರಗಿನ ಗೋಡೆಯನ್ನು ಕೊಳವೆಯಾಗಿ ಚಾಚುತ್ತದೆ, ಅಷ್ಟೇ. ಕೋಶಕ್ಕೂ ರೋಮಕ್ಕೂ ನಡುವೆ ಅಡ್ಡಗೋಡೆ ಇಲ್ಲ. ಉದ್ದ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಆಸುಪಾಸು, ದಪ್ಪ 0.01ರಿಂದ 0.02 ಮಿಲಿಮೀಟರ್. ನಮ್ಮ ತಲೆಗೂದಲು ಇದಕ್ಕಿಂತ ಎಷ್ಟೋ ಪಟ್ಟು ದಪ್ಪ. ಇಷ್ಟು ತೆಳ್ಳಗಿರುವುದರಿಂದಲೇ ಬೇರು ನುಗ್ಗಲಾಗದ ಮಣ್ಣಿನ ಸಂದುಗಳಿಗೆ ಇದು ನುಗ್ಗುತ್ತದೆ.

ಪೆಟ್ಟಿಗೆ

ಡಬ್ಬಿಯಲ್ಲಿ ಮಣ್ಣಿಲ್ಲ, ಹಾಗಾಗಿ ಅರ್ಧ ಕಥೆ ಮಾತ್ರ. ಮಣ್ಣಿನ ಜೊತೆ ನೋಡಲು ಗಾಜಿನ ಮುಖವಿರುವ ಚಪ್ಪಟೆ ಪೆಟ್ಟಿಗೆ ಬೇಕು. ಗಾಜಿನ ಅಂಗಡಿಯವರು ಅಳತೆ ಕೇಳಿದ ಕೂಡಲೇ "ಫಿಶ್ ಟ್ಯಾಂಕಿಗಾ ಸಾರ್?" ಅಂದರು. ಬೇರು ನೋಡೋಕೆ ಅಂದೆ. ಅವರು ಎಡ್ಜ್ ಪಾಲಿಶ್‌ಗೆ ದುಡ್ಡು ತೆಗೆದುಕೊಳ್ಳಲಿಲ್ಲ, ಬೇರು ಬಂದಾಗ ಫೋಟೋ ಕಳಿಸಿ ಅಂದರು.

ಮುಂದಿನ ಮುಖ 30 ಸೆಂ.ಮೀ. ಅಗಲ, 40 ಸೆಂ.ಮೀ. ಎತ್ತರದ, 4 ಮಿ.ಮೀ. ದಪ್ಪದ ಗಾಜು. ಅಂಚು ಪಾಲಿಶ್ ಮಾಡಿಸಿಯೇ ತನ್ನಿ, ಮಕ್ಕಳ ಕೈ ತಾಗುವ ವಸ್ತು ಇದು. ಹಿಂದಿನ ಮುಖ ಅದೇ ಅಳತೆಯ ಸನ್‌ಬೋರ್ಡ್. ಮೂರು ಬದಿಗೆ 15 ಮಿ.ಮೀ. ದಪ್ಪದ ಮರದ ಪಟ್ಟಿ. ಪಟ್ಟಿಯನ್ನು ಬೋರ್ಡಿಗೆ ಸಿಲಿಕೋನ್ ಸೀಲಂಟ್‌ನಿಂದ ಅಂಟಿಸಿದೆ. ಗಾಜನ್ನು ಮಾತ್ರ ಅಂಟಿಸಬೇಡಿ, ದೊಡ್ಡ ಬೈಂಡರ್ ಕ್ಲಿಪ್‌ಗಳಲ್ಲಿ ಹಿಡಿಸಿ. ಬಿಚ್ಚಿ ತೊಳೆಯಬಹುದು, ಮುಂದಿನ ಬೆಳೆಗೆ ಮತ್ತೆ ಬಳಸಬಹುದು. ಮಾಮೂಲಿ ಸಿಲಿಕೋನ್ ಒಣಗುವಾಗ ವಿನಿಗರ್ ವಾಸನೆ ಬರುತ್ತದಲ್ಲ, ಅದು ನಿಜವಾಗಿಯೂ ಅಸಿಟಿಕ್ ಆಮ್ಲ. ಎಳೆ ಬೇರಿಗೆ ಅದು ಆಗುವುದಿಲ್ಲ. ವಾಸನೆ ಪೂರ್ತಿ ಹೋಗುವ ತನಕ ಬಿಟ್ಟು, ಒಮ್ಮೆ ತೊಳೆದು ಮಣ್ಣು ತುಂಬಿ.

ಕೆಳಗಿನ ಪಟ್ಟಿಗೆ ನಾಲ್ಕೈದು ಕಡೆ ತೂತು ಕೊರೆದು ಒಳಗೆ ತೆಂಗಿನ ನಾರು ಇಟ್ಟೆ. ನೀರು ಇಳಿಯುತ್ತದೆ, ಮಣ್ಣು ನಿಲ್ಲುತ್ತದೆ.

ಮಣ್ಣಿನ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ. ಎಲ್ಲವನ್ನೂ ಜರಡಿ ಹಿಡಿದೆ. ಗಾಜಿಗೆ ತಾಗುವ ಪದರದ ಮಣ್ಣನ್ನು ಮಾತ್ರ ಇನ್ನೊಮ್ಮೆ ಟೀ ಸೋಸುವ ಜಾಲರಿಯಲ್ಲಿ ಸೋಸಿದೆ. ಹೆಂಟೆ ಇದ್ದರೆ ಗಾಜಿಗೂ ಮಣ್ಣಿಗೂ ನಡುವೆ ದೊಡ್ಡ ಪೊಳ್ಳು ಉಳಿಯುತ್ತದೆ. ಅಲ್ಲಿ ಬೇರು ಸುಮ್ನೆ ಜೋತುಬಿದ್ದು ಇಳಿಯುತ್ತದೆ, ರೋಮಕ್ಕೆ ಹಿಡಿಯಲು ಏನೂ ಸಿಗುವುದಿಲ್ಲ. ತೀರಾ ನುಣ್ಣಗೆ ಮಾಡಿ ಒತ್ತಿದರೆ ಗಾಳಿ ಆಡುವುದಿಲ್ಲ. ಪೆಟ್ಟಿಗೆಯನ್ನು ನೆಲದ ಮೇಲೆ ಮಲಗಿಸಿ ಮಣ್ಣು ತುಂಬಿ, ಮೇಲೆ ಸೋಸಿದ ಮಣ್ಣು ಹರಡಿ, ನೀರು ಚಿಮುಕಿಸಿ, ಗಾಜು ಮುಚ್ಚಿ ಕ್ಲಿಪ್ ಹಾಕಿದರೆ ಎರಡರ ನಡುವೆ ಸರಿಯಾಗುತ್ತದೆ.

ನಿಲ್ಲಿಸುವಾಗ ಗಾಜಿನ ಮುಖ ಕೆಳಗೆ ಬರುವಂತೆ ಸುಮಾರು 30 ಡಿಗ್ರಿ ಓರೆ ಮಾಡಿ. ಬೇರು ನೇರ ಕೆಳಗೆ ಹೋಗಲು ನೋಡುತ್ತದೆ, ಗಾಜು ಅಡ್ಡ ಬರುತ್ತದೆ, ಗಾಜಿಗೆ ಒತ್ತಿಕೊಂಡೇ ಇಳಿಯುತ್ತದೆ. ನೇರವಾಗಿ ನಿಲ್ಲಿಸಿದರೆ ಬೇರು ಹಿಂದೆ ಎಲ್ಲೋ ಹೋಗಿರುತ್ತದೆ, ನಿಮಗೆ ಕಾಣುವುದು ಬರೀ ಮಣ್ಣು. ಗಾಜಿನ ಮೇಲೆ ಕಪ್ಪು ಬಟ್ಟೆ ಇಳಿಬಿಡಿ. ಬೆಳಕು ಬಿದ್ದರೆ ಬೇರು ಗಾಜಿನಿಂದ ದೂರ ಸರಿಯಬಹುದು, ಹಸಿರು ಪಾಚಿಯೂ ಕಟ್ಟುತ್ತದೆ.

ನಾವು ಹಾಕಿದ್ದು ಒಂದು ಬದಿಗೆ ರಾಗಿ, ಇನ್ನೊಂದು ಬದಿಗೆ ಸಾಸಿವೆ. ರಾಗಿ ಪೈರು ಕಿತ್ತವರಿಗೆ ಗೊತ್ತು, ಬೇರಿಗೆ ಮಣ್ಣು ಹೇಗೆ ಅಂಟಿಕೊಂಡೇ ಬರುತ್ತದೆ ಅಂತ. ಅದಕ್ಕೆ ಕಾರಣವನ್ನು ಗಾಜಿನಲ್ಲಿ ನೋಡಬೇಕಿತ್ತು.

ಗಾಜಿನಲ್ಲಿ ಕಂಡದ್ದು

ನೋಡಲು ಮೊಬೈಲಿಗೆ ಸಿಕ್ಕಿಸುವ ಮ್ಯಾಕ್ರೋ ಲೆನ್ಸ್ ಸಾಕು. ಆದರೆ ಟಾರ್ಚನ್ನು ಎದುರಿನಿಂದ ಬಿಡಬೇಡಿ. ಗಾಜಿಗೆ ಹೆಚ್ಚುಕಡಿಮೆ ಒರಗಿಸಿ, ಬದಿಯಿಂದ ಬಿಡಿ. ಆಗ ಮಣ್ಣು ಕಪ್ಪಾಗಿ, ರೋಮಗಳು ಬೆಳ್ಳಗೆ ಹೊಳೆಯುತ್ತವೆ. ಎದುರಿನಿಂದ ಬಿಟ್ಟರೆ ಗಾಜಿನ ಪ್ರತಿಫಲನ ಬಿಟ್ಟು ಬೇರೇನೂ ಕಾಣುವುದಿಲ್ಲ.

ಬೇರಿನ ತುದಿ ಎಲ್ಲಿದೆ ಅಂತ ಬೆಳಿಗ್ಗೆ ಬೆಳಿಗ್ಗೆ ಮಾರ್ಕರಿನಲ್ಲಿ ಗಾಜಿನ ಮೇಲೆ ಗೆರೆ ಹಾಕುತ್ತಾ ಹೋದೆವು. ರೋಮ ಶುರುವಾಗುವ ಜಾಗಕ್ಕೆ ಇನ್ನೊಂದು ಬಣ್ಣದ ಗೆರೆ. ಬೇರು ಕೆಳಗೆ ಇಳಿದಂತೆ ಎರಡು ಗೆರೆಗಳೂ ಜೊತೆಯಾಗಿ ಇಳಿಯುತ್ತವೆ, ನಡುವಿನ ಬೋಳು ಜಾಗ ಹಾಗೇ ಉಳಿಯುತ್ತದೆ. ಇದು ಯಾಕೆ ಅಂತ ಮಗಳೇ ಕಂಡುಕೊಂಡಳು. ತುದಿಯಲ್ಲಿ ಅದನ್ನು ಕಾಯುವ ಬೇರುಟೊಪ್ಪಿಗೆ, ಅದರ ಹಿಂದೆ ಕೋಶಗಳು ಒಡೆದು ಹೆಚ್ಚುವ ಜಾಗ, ಅದರ ಹಿಂದೆ ಕೋಶಗಳು ಉದ್ದವಾಗುವ ಜಾಗ. ಉದ್ದವಾಗುವ ಕೋಶಗಳೇ ತುದಿಯನ್ನು ಮಣ್ಣಿನೊಳಗೆ ಮುಂದಕ್ಕೆ ತಳ್ಳುವುದು. ಅಲ್ಲಿ ರೋಮ ಇದ್ದರೆ ಆ ಎಳೆತಕ್ಕೆ ಮಣ್ಣಿಗೆ ಉಜ್ಜಿ ಹರಿದುಹೋಗುತ್ತಿತ್ತು. ಉದ್ದವಾಗುವ ಕೆಲಸ ಮುಗಿಸಿ ನಿಂತ ಕೋಶ ಮಾತ್ರ ರೋಮ ಚಾಚುತ್ತದೆ. ಮೇಲಿನ ಹಳೆಯ ರೋಮಗಳು ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ ಇದ್ದು ಸುಕ್ಕಾಗಿ ಕಂದು ತಿರುಗುತ್ತವೆ. ಹಾಗಾಗಿ ಕೆಲಸ ಮಾಡುವ ಬಿಳಿ ಪಟ್ಟಿ ಯಾವಾಗಲೂ ಹೊಸ ಮಣ್ಣಿನಲ್ಲೇ ಇರುತ್ತದೆ.

ಒಂದು ಜಾಗವನ್ನು ತುಂಬಾ ಹೊತ್ತು ನೋಡಿದೆ. ಗಾಜಿಗೆ ಒತ್ತಿಕೊಂಡಿದ್ದ ಒಂದು ಮರಳ ಕಣ. ರಾಗಿ ಬೇರಿನಿಂದ ಬಂದ ರೋಮವೊಂದು ನೇರವಾಗಿ ಅದಕ್ಕೆ ಎದುರಾಗಿತ್ತು. ನಿಂತಿರಲಿಲ್ಲ. ಕಣದ ಮೈಗೆ ತಾಗಿದ ಕಡೆ ಅಗಲವಾಗಿ ಚಪ್ಪಟೆಯಾಗಿ, ಅದರ ದುಂಡಿಗೆ ಬಾಗಿ, ಆ ಕಡೆ ಹೊರಟು ಮತ್ತೆ ಸಪೂರವಾಗಿತ್ತು. ಪಕ್ಕದ ಎರಡು ಮೂರು ರೋಮಗಳೂ ಅದೇ ಕಣವನ್ನು ಬೇರೆ ಬೇರೆ ಕಡೆಯಿಂದ ಹಿಡಿದಿದ್ದವು. ಅಲ್ಲಿ ಅಂಟಂಟಾಗಿ ಏನೋ ಮಿಂಚುತ್ತಿತ್ತು. ಬೇರು ಬಿಡುವ ಲೋಳೆ ಅದು. ರಾಗಿ ಬೇರಿನ ಜೊತೆ ಮಣ್ಣು ಕಿತ್ತುಕೊಂಡು ಬರುವುದು ಹೀಗೆ.

ನೀರು ಜಾಸ್ತಿ ಹಾಕಿದರೆ ಗಾಜಿನ ಒಳಗೆ ಹನಿ ಕಟ್ಟಿ ಏನೂ ಕಾಣುವುದಿಲ್ಲ. ಅದಕ್ಕಿಂತ ಮುಖ್ಯವಾಗಿ ಮಣ್ಣಿನ ಸಂದುಗಳಲ್ಲಿ ಗಾಳಿ ಇರುವುದಿಲ್ಲ. ಬೇರುರೋಮಕ್ಕೆ ಆಮ್ಲಜನಕ ಬೇಕೇ ಬೇಕು. ಯಾಕೆ ಅನ್ನುವುದು ಮುಂದೆ ಬರುತ್ತದೆ. ಹನಿ ಕಂಡರೆ ಒಂದೆರಡು ದಿನ ನೀರು ನಿಲ್ಲಿಸಿ, ಮೇಲಿನ ಮಣ್ಣನ್ನು ಸ್ವಲ್ಪ ಸಡಿಲ ಮಾಡಿ.

ಹೀಗೆ ಪೆಟ್ಟಿಗೆಯಲ್ಲಿ ಬೆಳೆಸಿ ಲೆಕ್ಕ ಹಾಕಿದವರಲ್ಲಿ ಅಮೆರಿಕದ ಹೊವಾರ್ಡ್ ಡಿಟ್‌ಮರ್ ಮೊದಲು ನೆನಪಾಗುತ್ತಾರೆ. ಒಂದಡಿ ಚೌಕ, 22 ಇಂಚು ಆಳದ ಮಣ್ಣಿನಲ್ಲಿ ಗೋಧಿಯಂಥ ಧಾನ್ಯವಾದ ರೈಯ ಒಂದೇ ಒಂದು ಗಿಡವನ್ನು ನಾಲ್ಕು ತಿಂಗಳು ಬೆಳೆಸಿ, ಬೇರುಗಳನ್ನು ಬಿಡಿಸಿ ಅಳೆದರು. 1937ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಬೇರುಗಳ ಒಟ್ಟು ಉದ್ದ 600 ಕಿ.ಮೀ.ಗೂ ಹೆಚ್ಚು. ಬೇರುರೋಮಗಳು ಸುಮಾರು 1,400 ಕೋಟಿ, ಅವುಗಳ ಒಟ್ಟು ಉದ್ದ 10,000 ಕಿ.ಮೀ.ಗೂ ಹೆಚ್ಚು. ಒಂದು ಗಿಡಕ್ಕೆ! ರೋಮಗಳ ಒಟ್ಟು ಮೇಲ್ಮೈ ಬೇರುಗಳದ್ದಕ್ಕಿಂತ ಹೆಚ್ಚಿತ್ತು.

ಒಂದು ರೋಮದ ಒಳಗೆ

ಮಣ್ಣಿನಲ್ಲಿ ಒಳಗಿನದು ಕಾಣುವುದಿಲ್ಲ. ಅದಕ್ಕೆ ಸ್ಲೈಡಿನ ಮೇಲೇ ಬೇರು ಬೆಳೆಸಬೇಕು. ಕಿತ್ತು ತಂದು ಇಡುವುದಲ್ಲ.

ಸ್ಲೈಡಿನ ಎರಡು ಉದ್ದ ಅಂಚಿಗೆ ಇನ್ಸುಲೇಷನ್ ಟೇಪನ್ನು ಎರಡು ಮೂರು ಪದರ ಅಂಟಿಸಿ. ನಡುವೆ ಬೇರು ಸಲೀಸಾಗಿ ಇಳಿಯುವಷ್ಟು ಸಂದು ಉಳಿಯಬೇಕು. ಸಂದಿಗೆ ಕರಗಿಸಿದ ಚೈನಾ ಗ್ರಾಸ್ ತೆಳ್ಳಗೆ ಹಾಕಿ. ದಿನಸಿ ಅಂಗಡಿಯಲ್ಲಿ ಸಿಗುವ ಇದು ಅಗರ್ ತಾನೇ, 100 ಮಿ.ಲೀ. ನೀರಿಗೆ ಒಂದು ಗ್ರಾಂ ಸಾಕು. ಮೇಲೆ ಕವರ್ ಸ್ಲಿಪ್ ಇಟ್ಟು, ಅದರ ಅಂಚಿಗೆ ಮೊಳಕೆ ಒಡೆದ ರಾಗಿ ಕಾಳನ್ನು ಬೇರು ಒಳಮುಖವಾಗುವಂತೆ ಕೂರಿಸಿ. ಸ್ಲೈಡನ್ನು ಲೋಟದಲ್ಲಿ ಓರೆಯಾಗಿ ನಿಲ್ಲಿಸಿ, ತಳದಲ್ಲಿ ಬೆರಳ ಅಗಲ ನೀರು ಬಿಟ್ಟು, ಲೋಟದ ಬಾಯಿ ಮುಚ್ಚಿ ಕತ್ತಲಲ್ಲಿಡಿ. ರಾಗಿಯನ್ನೇ ಆರಿಸಿದ್ದು ಅದರ ಬೇರು ಸಪೂರ ಅಂತ. ಮೂಲಂಗಿ ಬೇರು ದಪ್ಪ, ಕವರ್ ಸ್ಲಿಪ್ ಎತ್ತಿಬಿಡುತ್ತದೆ.

ಬೇರು ಇಳಿದ ಮೇಲೆ ಸ್ಲೈಡನ್ನು ನೇರ ಮೈಕ್ರೋಸ್ಕೋಪಿನ ಕೆಳಗೆ ಇಡಿ. ಸ್ಟ್ಯಾನ್‌ಫರ್ಡಿನ ಮನು ಪ್ರಕಾಶ್ ಮತ್ತು ಅವರ ತಂಡ 2014ರಲ್ಲಿ ಜಗತ್ತಿಗೆ ಪರಿಚಯಿಸಿದ ಕಾಗದದ ಫೋಲ್ಡ್‌ಸ್ಕೋಪ್ 140 ಪಟ್ಟು ದೊಡ್ಡದು ಮಾಡುತ್ತದೆ. ರೋಮದ ಆಕಾರ ನೋಡಲು ಅದು ಸಾಕು. ಒಳಗಿನ ಓಟ ನೋಡಬೇಕಾದರೆ ಶಾಲೆಯ ಮೈಕ್ರೋಸ್ಕೋಪಿನ 400 ಪಟ್ಟು ಬೇಕು. ಬೆಳಕಿನ ಕಿಂಡಿಯನ್ನು ಕಿರಿದು ಮಾಡಿ, ಇಲ್ಲದಿದ್ದರೆ ಎಲ್ಲ ಬೆಳ್ಳಗೆ ತೇಲಿಹೋಗುತ್ತದೆ.

ಓಟ ಅಂದೆನಲ್ಲ, ಅದನ್ನೇ ಹೇಳುತ್ತೇನೆ. ಕೊಳವೆಯ ಬಹುಪಾಲು ಖಾಲಿ ಇದ್ದಂತೆ ತಿಳಿಯಾಗಿ ಕಾಣುತ್ತದೆ. ಖಾಲಿ ಅಲ್ಲ, ಅದು ರಸದಾನಿ, ಕೋಶರಸ ತುಂಬಿದ ಚೀಲ. ಅದರ ಸುತ್ತ ಗೋಡೆಗೆ ಒತ್ತಿಕೊಂಡು ತೆಳ್ಳನೆಯ ಕೋಶದ್ರವ್ಯ. ಅದರಲ್ಲಿ ಸಣ್ಣ ಸಣ್ಣ ಕಣಗಳು ಸಾಲಾಗಿ ಹರಿಯುತ್ತಿರುತ್ತವೆ. ತುದಿಯ ಹತ್ತಿರ ಹೋಗಿ ತಿರುಗಿ ವಾಪಸ್ ಬರುತ್ತವೆ. ನಿಂತು ಮತ್ತೆ ಓಡುತ್ತವೆ. ಮಗಳು ಐಪೀಸ್ ಬಿಟ್ಟುಕೊಡಲೇ ಇಲ್ಲ. "ಅಪ್ಪಾ, ಇದು ಈಗ ನಡೀತಿದೆ ಅಲ್ವಾ? ವೀಡಿಯೋ ಅಲ್ಲ ಅಲ್ವಾ?" ಅಂತ ಕೇಳಿದಳು. ಹೌದು ಮಗಾ, ಈಗಲೇ.

ಬೆಳೆಯುತ್ತಿರುವ ರೋಮದ ತುತ್ತತುದಿ ಮಾತ್ರ ಬೇರೆ ಥರ ಕಾಣುತ್ತದೆ. ಅಲ್ಲಿ ರಸದಾನಿ ಇಲ್ಲ, ದಟ್ಟ ಕೋಶದ್ರವ್ಯ. ಗೋಡೆ ಕಟ್ಟುವ ಸಾಮಗ್ರಿಯನ್ನು ಹೊತ್ತ ಅತಿ ಸಣ್ಣ ಚೀಲಗಳು ಅಲ್ಲಿಗೆ ಬಂದು ಸೇರುತ್ತವೆ, ಗೋಡೆ ತುದಿಯಲ್ಲಿ ಮಾತ್ರ ಬೆಳೆಯುತ್ತದೆ. ಪರಾಗದ ನಾಳವೂ ಹೀಗೇ ಬೆಳೆಯುವುದು. ಕೋಶಕೇಂದ್ರ ಕೂಡ ಬುಡದಲ್ಲಿ ಕೂರುವುದಿಲ್ಲ, ರೋಮದೊಳಗೆ ಬಂದು ತುದಿಯನ್ನು ಹಿಂಬಾಲಿಸುತ್ತದೆ. ನಮ್ಮ ಶಾಲೆಯ ಚಿತ್ರಕ್ಕೆ ಈ ಒಂದು ತಿದ್ದುಪಡಿ ಬೇಕು. ಸಾಸಿವೆಯ ಕುಟುಂಬಕ್ಕೇ ಸೇರಿದ ಅರಾಬಿಡಾಪ್ಸಿಸ್ ಗಿಡದಲ್ಲಿ ರೋಮದ ತುದಿ ನಿಮಿಷಕ್ಕೆ ಒಂದೆರಡು ಮೈಕ್ರೋಮೀಟರ್ ಮುಂದೆ ಹೋಗುತ್ತದೆ. ಹತ್ತು ನಿಮಿಷಕ್ಕೊಂದು ಫೋಟೋ ತೆಗೆದು ಒಂದರ ಮೇಲೊಂದು ಇಟ್ಟು ನೋಡಿದರೆ ಬೆಳೆದದ್ದು ಸ್ಪಷ್ಟ ಕಾಣುತ್ತದೆ.

ಉಪ್ಪುನೀರು, ಆಮೇಲೆ ಬಣ್ಣ

ರೋಮ ನೀರು ಕುಡಿಯುವುದು ಅಭಿಸರಣೆಯಿಂದ. ಕೋಶರಸದಲ್ಲಿ ಕರಗಿದ ಲವಣ, ಸಕ್ಕರೆ ಮಣ್ಣಿನ ನೀರಿಗಿಂತ ಜಾಸ್ತಿ, ಹಾಗಾಗಿ ನೀರು ಒಳಗೆ ಬರುತ್ತದೆ. ಅಲ್ಲಿಂದ ಒಳಗಿನ ಕೋಶಗಳನ್ನು ದಾಟಿ, ನೀರನ್ನು ಮೇಲಕ್ಕೆ ಒಯ್ಯುವ ಕ್ಸೈಲಂ ಕೊಳವೆಗಳನ್ನು ಸೇರುತ್ತದೆ. ಇದನ್ನು ತಿರುಗಿಸಿ ನೋಡಬಹುದು. 100 ಮಿ.ಲೀ. ನೀರಿಗೆ 3 ಗ್ರಾಂ ಉಪ್ಪು ಕರಗಿಸಿ. ಕವರ್ ಸ್ಲಿಪ್ಪಿನ ಒಂದು ಅಂಚಿಗೆ ಒಂದು ಹನಿ ಬಿಟ್ಟು, ಇನ್ನೊಂದು ಅಂಚಿನಿಂದ ಟಿಶ್ಯೂ ಕಾಗದದಲ್ಲಿ ಹೀರಿ. ಅಗರ್ ಇರುವುದರಿಂದ ಉಪ್ಪು ಒಳಗೆ ಹೋಗಲು ಸ್ವಲ್ಪ ಹೊತ್ತು ಬೇಕು, ಕಾಯಿರಿ. ರೋಮದೊಳಗಿನ ಪೊರೆ ಗೋಡೆಯನ್ನು ಬಿಟ್ಟು ಕುಗ್ಗತೊಡಗುತ್ತದೆ. ಗೋಡೆ ಹಾಗೇ ನಿಂತಿರುತ್ತದೆ, ಒಳಗಿನದು ಮಾತ್ರ ಹಿಂದೆ ಸರಿಯುತ್ತದೆ. ಕಣಗಳ ಓಟವೂ ನಿಲ್ಲುತ್ತದೆ. ತಡಮಾಡದೆ ಶುರು ಮಾಡಿ, ಹನಿ ಹನಿಯಾಗಿ ನಿಧಾನಕ್ಕೆ ಸಿಹಿನೀರು ಕೊಟ್ಟರೆ ಕೆಲವು ರೋಮಗಳು ಮತ್ತೆ ತುಂಬಿಕೊಳ್ಳುತ್ತವೆ. ಗಿಡದ ಬುಡಕ್ಕೆ ಯೂರಿಯಾ ಹಿಡಿಗಟ್ಟಲೆ ಸುರಿದರೆ ಗಿಡ ಸುಡುವುದಕ್ಕೆ ಒಂದು ದೊಡ್ಡ ಕಾರಣ ಕಣ್ಣೆದುರಿಗೇ ಇದೆ.

ಲವಣಗಳ ಕಥೆ ನೀರಿನಂತಲ್ಲ. ಮಣ್ಣಿನ ನೀರಿನಲ್ಲಿ ಫಾಸ್ಫೇಟ್ ತೀರಾ ಕಡಿಮೆ, ಕೋಶದೊಳಗೆ ಅದರ ಸಾವಿರ ಪಟ್ಟಿಗಿಂತಲೂ ಹೆಚ್ಚಿರಬಹುದು. ತಾನಾಗಿ ಒಳಗೆ ಬರುವ ಪ್ರಶ್ನೆಯೇ ಇಲ್ಲ. ರೋಮದ ಪೊರೆಯಲ್ಲಿರುವ ಪಂಪುಗಳು ಶಕ್ತಿ ಖರ್ಚು ಮಾಡಿ ಪ್ರೋಟಾನುಗಳನ್ನು, ಅಂದರೆ ಹುಳಿಗೆ ಕಾರಣವಾದ ಹೈಡ್ರೋಜನ್ ಅಯಾನುಗಳನ್ನು, ಹೊರಗೆ ತಳ್ಳುತ್ತವೆ. ಆ ತಳ್ಳಾಟದಿಂದ ಹುಟ್ಟಿದ ವಿದ್ಯುತ್ ಮತ್ತು ಆಮ್ಲದ ವ್ಯತ್ಯಾಸವನ್ನು ಬಳಸಿಕೊಂಡು ನೈಟ್ರೇಟ್, ಫಾಸ್ಫೇಟ್, ಪೊಟ್ಯಾಸಿಯಂ ಒಳಗೆ ಬರುತ್ತವೆ. ಶಕ್ತಿಗೆ ಉಸಿರಾಟ ಬೇಕು, ಉಸಿರಾಟಕ್ಕೆ ಆಮ್ಲಜನಕ. ನೀರು ನಿಂತ ಹೊಲದಲ್ಲಿ ಗಿಡ ಹಳದಿಯಾಗುವುದಕ್ಕೆ ಇದೂ ಒಂದು ಕಾರಣ.

ಹೊರಗೆ ಬಿದ್ದ ಪ್ರೋಟಾನನ್ನು ಬಣ್ಣದಲ್ಲಿ ನೋಡಬಹುದು. ಬ್ರೋಮೊಕ್ರೆಸಾಲ್ ಪರ್ಪಲ್ ಅನ್ನುವ ಸೂಚಕ ಲ್ಯಾಬ್ ಕೆಮಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಹೆಚ್ಚು) 6.8ರ ಮೇಲೆ ನೇರಳೆ, 5.2ರ ಕೆಳಗೆ ಹಳದಿ. ಶೇ. 0.04ರ ದ್ರಾವಣ ಕೊಂಡರೆ, 100 ಮಿ.ಲೀ. ಬಿಸಿ ಅಗರ್‌ಗೆ 15 ಮಿ.ಲೀ. ಸೇರಿಸಿ. ಸಾಸಿವೆ ಕಾಳಿನಷ್ಟು ಅಮೋನಿಯಂ ಸಲ್ಫೇಟ್ ಹಾಕಿ. ಅಡುಗೆ ಸೋಡಾ ತೀರಾ ತೆಳುವಾಗಿ ಕರಗಿಸಿದ ನೀರನ್ನು ಹನಿ ಹನಿ ಬಿಟ್ಟು ಬಣ್ಣವನ್ನು ಕೆಂಪು ಮಿಶ್ರಿತ ನೇರಳೆಗೆ ತನ್ನಿ. ಚಪ್ಪಟೆ ಡಬ್ಬಿಗೆ ತೆಳ್ಳಗೆ ಸುರಿದು, ಗಟ್ಟಿಯಾದ ಮೇಲೆ ಮೊಳಕೆಯ ಬೇರನ್ನು ಅದರ ಮೇಲೆ ಮಲಗಿಸಿ. ಕೆಲವು ಗಂಟೆಗಳಲ್ಲಿ ಬೇರಿನ ಸುತ್ತ ಹಳದಿ ಹಬ್ಬುತ್ತದೆ. ಅಮೋನಿಯಂ ಬದಲು ಕ್ಯಾಲ್ಸಿಯಂ ನೈಟ್ರೇಟ್ ಹಾಕಿದ ಡಬ್ಬಿ ಪಕ್ಕದಲ್ಲಿಟ್ಟು ಹೋಲಿಸಿ. ಅಲ್ಲಿ ಹಳದಿ ಅಷ್ಟು ಬರುವುದಿಲ್ಲ, ನೇರಳೆ ಇನ್ನಷ್ಟು ಗಾಢವಾಗಲೂಬಹುದು. ಗಿಡ ಯಾವ ರೂಪದ ಸಾರಜನಕ ತಿನ್ನುತ್ತದೆ ಅನ್ನುವುದರ ಮೇಲೆ ಬೇರಿನ ಸುತ್ತಲ ಮಣ್ಣಿನ ಹುಳಿ ಬದಲಾಗುತ್ತದೆ. ಇಡೀ ಬೇರು ಸೇರಿ ಈ ಕೆಲಸ ಮಾಡುತ್ತದೆ, ರೋಮ ಮಾತ್ರವಲ್ಲ ಅನ್ನುವುದು ನೆನಪಿರಲಿ.

ಫಾಸ್ಫರಸ್ ಬಗ್ಗೆ ಇನ್ನೊಂದು ಮಾತು. ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಅದನ್ನು ಹಿಡಿದಿಟ್ಟುಕೊಳ್ಳುತ್ತವೆ. ಅದು ಮಣ್ಣಿನಲ್ಲಿ ಸರಿದಾಡುವುದೂ ತೀರಾ ನಿಧಾನ. ಬೇರಿನ ಪಕ್ಕದ್ದು ಖಾಲಿಯಾದರೆ ದೂರದ್ದು ತಾನಾಗಿ ಬರುವುದಿಲ್ಲ. ರೋಮವೇ ಅಲ್ಲಿಗೆ ಹೋಗಬೇಕು. ಬೇಟ್ಸ್ ಮತ್ತು ಲಿಂಚ್ ಅನ್ನುವ ವಿಜ್ಞಾನಿಗಳು 1996ರಲ್ಲಿ ತೋರಿಸಿದಂತೆ, ಫಾಸ್ಫರಸ್ ಕಡಿಮೆ ಇದ್ದಾಗ ಅರಾಬಿಡಾಪ್ಸಿಸ್ ತನ್ನ ರೋಮಗಳನ್ನು ಸುಮಾರು ಮೂರು ಪಟ್ಟು ಉದ್ದ ಬೆಳೆಸುತ್ತದೆ. ಗಿಡ ಕೊರತೆಗೆ ಕೊಡುವ ಈ ಉತ್ತರ ನನಗೆ ತುಂಬಾ ಇಷ್ಟ.

ಸಸಿ ನಾಟಿ ಮಾಡುವವರಿಗೆ

ಪೆಟ್ಟಿಗೆಯ ಗಾಜು ಬಿಚ್ಚಿ ಎರಡು ಸಾಸಿವೆ ಸಸಿ ತೆಗೆದೆವು. ಒಂದನ್ನು ಮಣ್ಣಿನ ಸಮೇತ ಕರಣೆಯಲ್ಲಿ ಎತ್ತಿದೆವು. ಇನ್ನೊಂದನ್ನು ಎಳೆದು, ಬೇರು ತೊಳೆದೆವು. ಒಂದೇ ಕುಂಡದಲ್ಲಿ ನೆಟ್ಟೆವು. ಮಧ್ಯಾಹ್ನದ ಬಿಸಿಲಿಗೆ ತೊಳೆದದ್ದು ಬಾಡಿ ಮಲಗಿತು, ಮಣ್ಣಿನ ಸಮೇತ ಬಂದದ್ದು ನಿಂತೇ ಇತ್ತು. ಎಲೆ ಅಷ್ಟೇ, ಬೇರಿನ ಉದ್ದವೂ ಹೆಚ್ಚುಕಡಿಮೆ ಅಷ್ಟೇ. ಹೋಗಿದ್ದು ರೋಮ ಮತ್ತು ಬೇರಿನ ಸಣ್ಣ ತುದಿಗಳು. ನರ್ಸರಿಯವರು ಟೊಮ್ಯಾಟೊ, ಮೆಣಸಿನಕಾಯಿ ಸಸಿಯನ್ನು ಪ್ರೋ ಟ್ರೇಯಲ್ಲಿ ಕೊಡುವುದು ಇದಕ್ಕೇ. ಕೊಕೊಪಿಟ್ ಮುದ್ದೆ ಒಡೆಯದೆ ಹಾಗೇ ಇಳಿಸಿ, ಸಂಜೆ ಹೊತ್ತಿಗೆ ನೆಡಿ. ತೊಳೆದ ಸಸಿಗೂ ಹೊಸ ರೋಮ ಬರುತ್ತದೆ, ಆದರೆ ಅದಕ್ಕೆ ಹೊಸ ಬೇರು ಬೆಳೆಯಬೇಕು. ಹಳೆಯ ಕೋಶ ಹರಿದ ರೋಮವನ್ನು ಮತ್ತೆ ಚಾಚುವುದಿಲ್ಲ. ಅಲ್ಲಿಯ ತನಕ ನೆರಳು ಕೊಡಿ.

ಈಗ ಪೆಟ್ಟಿಗೆ ತೊಳೆದು, ಮಣ್ಣು ಬದಲಿಸಿ ಅಲಸಂದೆ ಹಾಕಿದ್ದೇವೆ. ಬೀಜಕ್ಕೆ ರೈಜೋಬಿಯಂ, ಅಂದರೆ ಬೇರಿನ ಗಂಟಿನಲ್ಲಿದ್ದು ಗಾಳಿಯ ಸಾರಜನಕವನ್ನು ಗಿಡಕ್ಕೆ ಹಿಡಿದುಕೊಡುವ ಬ್ಯಾಕ್ಟೀರಿಯಾ, ಲೇಪಿಸಿದೆ. ಆ ಬ್ಯಾಕ್ಟೀರಿಯಾ ಬೇರಿನೊಳಗೆ ಹೋಗುವ ಬಾಗಿಲು ಕೂಡ ಬೇರುರೋಮವೇ. ರೋಮದ ತುದಿ ಅದರ ಸುತ್ತ ಸುರುಳಿಯಾಗಿ ಬಾಗಿ ಒಳಗೆ ಸಿಕ್ಕಿಸಿಕೊಳ್ಳುತ್ತದೆ, ಅಲ್ಲಿಂದ ಒಂದು ಸಣ್ಣ ದಾರಿ ಬೇರಿನೊಳಕ್ಕೆ ಹೋಗಿ ಗಂಟು ಕಟ್ಟುತ್ತದೆ. ಬಾಗಿದ ತುದಿ ಹಿಡಿಯಲು ಸ್ಲೈಡಿನಲ್ಲೂ ಒಂದಷ್ಟು ಕಾಳು ಇಟ್ಟಿದ್ದೇವೆ. ಅಲಸಂದೆ ಬೇರು ರಾಗಿಯದಕ್ಕಿಂತ ದಪ್ಪ, ಟೇಪಿನ ಪದರ ಹೆಚ್ಚಿಸಬೇಕಾಯಿತು. ನೀವು ಇದನ್ನು ಮಾಡುವುದಾದರೆ ಅಲಸಂದೆ ಅಥವಾ ಹೆಸರುಕಾಳು ಹಾಕಿ, ಕಡಲೆಕಾಯಿ ಬೇಡ. ಕಡಲೆಕಾಯಿಗೂ ಗಂಟು ಬರುತ್ತದೆ, ಆದರೆ ಅದರಲ್ಲಿ ಬ್ಯಾಕ್ಟೀರಿಯಾ ಹೋಗುವುದು ಪಕ್ಕಬೇರು ಒಡೆದು ಬರುವ ಬಿರುಕಿನಿಂದ. ಸುರುಳಿ ರೋಮ ಹುಡುಕಿದರೂ ಸಿಗುವುದಿಲ್ಲ.